ಸರ್ವರ್ ತಂಪಾಗಲಿ, ಕೋಲಾರದ ನೀರು ಉಳಿಯಲಿ

ಡೇಟಾ ಸೆಂಟರ್‌ನ ಸರ್ವರ್‌ಗಳು, ಅಂದರೆ ಇಂಟರ್ನೆಟ್‌ನ ಕೆಲಸ ನಡೆಸುವ ಕಂಪ್ಯೂಟರ್‌ಗಳು, ಬಳಸುವ ಕರೆಂಟ್ ಕೊನೆಗೆ ಬಿಸಿಯಾಗಿಯೇ ಹೊರಬರುತ್ತದೆ. ನೀವು ಫೋಟೋ ಉಳಿಸಿದರೂ ಅಷ್ಟೇ, ಫೋನ್‌ನಲ್ಲಿ ದುಡ್ಡು ಕಳಿಸಿದರೂ ಅಷ್ಟೇ. ಆ ಬಿಸಿ ತೆಗೆಯಲು ಮತ್ತಷ್ಟು ಕರೆಂಟ್ ಬೇಕು.

ಅದನ್ನು ಅಳೆಯಲು ಪಿಯುಇ ಎಂಬ ಲೆಕ್ಕವಿದೆ. ಇಡೀ ಕಟ್ಟಡದ ಕರೆಂಟನ್ನು ಸರ್ವರ್‌ಗಳ ಕರೆಂಟಿನಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಜಗತ್ತಿನ ಸರಾಸರಿ 1.5ರ ಮೇಲಿದೆ, ಗೂಗಲ್‌ನದು ಸುಮಾರು 1.1. ನಮ್ಮ ದೇಶದಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ಹಾಗಾಗಿ ಈ ಸಂಖ್ಯೆ ಇಳಿಯಲೇಬೇಕು.

ಆದರೆ ಹೇಗೆ ಇಳಿಸುತ್ತೀರಿ ಎನ್ನುವುದು ಕೋಲಾರಕ್ಕೆ ತುಂಬಾ ಮುಖ್ಯ. ಸುಲಭದ ದಾರಿ ಕೂಲಿಂಗ್ ಟವರ್. ಮಣ್ಣಿನ ಮಡಕೆ ನೀರನ್ನು ತಣ್ಣಗಿಡುವ ರೀತಿಯಲ್ಲೇ ಅದೂ ನೀರನ್ನು ಆವಿ ಮಾಡಿ ಬಿಸಿ ಕಳೆಯುತ್ತದೆ. ನಮ್ಮ ಒಣ ಬೇಸಿಗೆಗೆ ಚೆನ್ನಾಗಿ ಒಗ್ಗುತ್ತದೆ, ಕರೆಂಟೂ ಉಳಿಯುತ್ತದೆ. ನೀರು ಮಾತ್ರ ಪಿಯುಇ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಒಂದು ಯೂನಿಟ್‌ನಷ್ಟು ಬಿಸಿ ಹೋಗಲು ಸುಮಾರು ಒಂದೂವರೆ ಲೀಟರ್ ಆವಿಯಾಗಬೇಕು. 1 ಮೆಗಾವ್ಯಾಟ್ ಸರ್ವರ್‌ಗಳಿಗೆ ದಿನಕ್ಕೆ 36 ಸಾವಿರ ಲೀಟರ್. ಆರು ಸಾವಿರ ಲೀಟರ್‌ನ ಟ್ಯಾಂಕರ್ ಆರು ಸಲ ಬರಬೇಕು. ದೊಡ್ಡ ಸೆಂಟರ್‌ಗಳು ಹತ್ತಾರು ಮೆಗಾವ್ಯಾಟ್‌ನವು.

ವರ್ಷವಿಡೀ ಹರಿಯುವ ಹೊಳೆ ನಮಗಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಶುದ್ಧಿಯಾಗಿ ಇಲ್ಲಿನ ಕೆರೆಗಳಿಗೆ ಬರುತ್ತಿದೆ. ಕೆರೆಯಲ್ಲಿ ನಿಂತರೆ ಅದು ಇಂಗಿ ಬೋರ್‌ವೆಲ್‌ಗೆ ಸೇರುತ್ತದೆ. ಟವರ್‌ಗೆ ಹೋದರೆ ಗಾಳಿಪಾಲು.

ಬೇರೆ ದಾರಿ ಇದೆ. ಚಿಪ್‌ಗೆ ಅಂಟಿದ ಲೋಹದ ತಟ್ಟೆಯೊಳಗೆ ನೀರು ಹರಿಸುವುದು. ಅಷ್ಟೇ ಗಾತ್ರದ ಗಾಳಿಗಿಂತ ನೀರು ಮೂರು ಸಾವಿರ ಪಟ್ಟಿಗೂ ಜಾಸ್ತಿ ಬಿಸಿ ಹೊರುತ್ತದೆ. 40-45 ಡಿಗ್ರಿಯ ನೀರಿಗಿಂತಲೂ ಚಿಪ್ ಹೆಚ್ಚು ಬಿಸಿ, ಹಾಗಾಗಿ ಅಂಥ ನೀರೂ ಸಾಕಾಗುತ್ತದೆ! ಹೊರಬಂದ ನೀರನ್ನು ರೇಡಿಯೇಟರ್‌ನಲ್ಲಿ ಫ್ಯಾನ್ ಗಾಳಿಗೆ ಆರಿಸಿ, ಮತ್ತೆ ಅದನ್ನೇ ಒಳಗೆ ಕಳಿಸುತ್ತಾರೆ. ಆವಿಯಾಗಿ ಹೋಗುವ ನೀರಿಲ್ಲ. ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಎತ್ತರದಲ್ಲಿರುವ ಕೋಲಾರದಲ್ಲಿ ಬೇಸಿಗೆಯ ಮಧ್ಯಾಹ್ನವೂ ಗಾಳಿ 40 ಡಿಗ್ರಿ ಮುಟ್ಟುವುದು ಅಪರೂಪ. ಹಾಗಾಗಿ ಎ.ಸಿ.ಯಲ್ಲಿರುವಂಥ, ಕರೆಂಟ್ ತಿನ್ನುವ ಕಂಪ್ರೆಸರ್‌ಗೆ ಹೆಚ್ಚು ಕೆಲಸವೇ ಇರುವುದಿಲ್ಲ. ಮೊದಲ ಖರ್ಚು ಜಾಸ್ತಿ, ನಿಜ. ಇಲ್ಲಿ ಅದನ್ನು ಕೊಡಲೇಬೇಕು ಅನ್ನುತ್ತೇನೆ.

ಉಳಿದದ್ದು ಕರೆಂಟ್ ಎಲ್ಲಿಂದ ಬರುತ್ತದೆ ಎನ್ನುವುದು. ಪಾವಗಡದ ಸೋಲಾರ್ ಪಾರ್ಕ್ 2050 ಮೆಗಾವ್ಯಾಟ್‌ನದು, ಆದರೆ ಹಗಲಿಗೆ ಮಾತ್ರ. ಸರ್ವರ್‌ಗಳಿಗೆ ರಾತ್ರಿಯೂ ಬೇಕು. ಬ್ಯಾಕಪ್, ಎಐ ತರಬೇತಿಯಂಥ ಅವಸರವಿಲ್ಲದ ಕೆಲಸಗಳನ್ನು ಬಿಸಿಲಿರುವಾಗ ಮುಗಿಸಿದರೆ, ಕತ್ತಲಾದ ಮೇಲೆ ಕಲ್ಲಿದ್ದಲಿನ ಕರೆಂಟ್ ಅಷ್ಟು ಕಡಿಮೆ ಬೇಕಾಗುತ್ತದೆ.