ಪರದೆ ಕತ್ತಲಾದ ಮಾತ್ರಕ್ಕೆ ಪಿಕ್ಚರ್ ಟ್ಯೂಬ್ ಹೋಯಿತೇ?

ಪ್ರಶ್ನೆ: ಮುಂಬಯಿಯ ಕುರ್ಲಾದ ಗುಜರಿಯಿಂದ, ನಾಣ್ಯ ಹಾಕಿ ಆಡುವಂಥ ಹಳೆಯ ವಿಡಿಯೋ ಗೇಮ್ ಯಂತ್ರವೊಂದನ್ನು ಮನೆಗೆ ತಂದಿದ್ದೇವೆ. ಸದ್ದು ಬರುತ್ತದೆ, ಚಿತ್ರ ಬರುವುದಿಲ್ಲ. ಟ್ಯೂಬ್ ಹೋಗಿದೆ, ಎಲ್‌ಸಿಡಿ ಹಾಕಿಸಿ ಎನ್ನುತ್ತಾರೆ. ಹಾಕಿಸಬಹುದೇ?

ಉತ್ತರ: ಮಾಟುಂಗ, ಡೊಂಬಿವಲಿ, ವಾಶಿಯ ಕನ್ನಡಿಗರು ಇದನ್ನೇ ಕೇಳುತ್ತಿದ್ದಾರೆ, ನಾನೂ ಅದೇ ಉತ್ತರವನ್ನು ಬರೆಯುತ್ತ ಬಂದಿದ್ದೇನೆ: ಪರೀಕ್ಷಿಸದೆ ಟ್ಯೂಬನ್ನು ತೆಗೆಯಬೇಡಿ. ಸದ್ದು ಬರುತ್ತಿದೆಯೆಂದರೆ ಗೇಮ್ ಬೋರ್ಡ್ ಬಹುಮಟ್ಟಿಗೆ ಕೆಲಸ ಮಾಡುತ್ತಿದೆ. ದೋಷವನ್ನು ಮಾನಿಟರಿನಲ್ಲಿ ಹುಡುಕಬೇಕು.

ಟ್ಯೂಬ್ ಎಂಬುದು ಗಾಳಿ ತೆಗೆದ ಗಾಜಿನ ಬುರುಡೆ, ಅದರೊಳಗೆ ಆರಿಹೋಗುವ ದ್ರವವಿಲ್ಲ. ದ್ರವ ಆರುವುದು ಟ್ಯೂಬನ್ನು ನಡೆಸುವ ಹಿಂದಿನ ಚಾಸಿಸ್ ಬೋರ್ಡಿನ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರುಗಳಲ್ಲಿ (ಚಾರ್ಜ್ ಹಿಡಿದಿಡುವ ಪುಟ್ಟ ಡಬ್ಬಿಗಳಲ್ಲಿ), ಮೂವತ್ತು ನಲವತ್ತು ವರ್ಷಗಳ ಶಾಖಕ್ಕೆ. ಚಿತ್ರವೆಲ್ಲ ನಡುವೆ ಒಂದೇ ಅಡ್ಡಗೆರೆಯಾಗಿ ಕುಗ್ಗಿದ್ದರೆ ಅದು ಚಿತ್ರವನ್ನು ಮೇಲೆ ಕೆಳಗೆ ಹರಡುವ ವರ್ಟಿಕಲ್ ಸರ್ಕ್ಯೂಟಿನ ದೋಷ. ಅಂಚುಗಳು ಬಳುಕುತ್ತಿದ್ದರೆ ಕರೆಂಟಿನ ಏರಿಳಿತವನ್ನು ಸಮ ಮಾಡುವ ಫಿಲ್ಟರ್ ಕೆಪ್ಯಾಸಿಟರನ್ನು ನೋಡಿ. ಮೂಲೆಯಲ್ಲಿ ಬಣ್ಣ ಕಲೆಸಿದ್ದರೆ ಮೊದಲು ಡಿಗಾಸ್ ಮಾಡಿ, ಅಂದರೆ ಟ್ಯೂಬಿಗೆ ಹತ್ತಿದ ಅಯಸ್ಕಾಂತತೆಯನ್ನು ತೆಗೆಯಿರಿ. ಟ್ಯೂಬಿನ ಕುತ್ತಿಗೆಯಲ್ಲಿ ಕಿತ್ತಳೆ ಮಿಣುಕು ಕಾಣದಿದ್ದರೂ ಅದರ ಮೇಲೆ ತಪ್ಪು ಹೊರಿಸಬೇಡಿ, ಏಕೆಂದರೆ ಎಷ್ಟೋ ಚಾಸಿಸ್‌ಗಳಲ್ಲಿ ಆ ಮಿಣುಕು ಕೊಡುವ ಹೀಟರ್ ತಂತಿಗೆ ಕರೆಂಟು ಬರುವುದೇ ಹೈವೋಲ್ಟೇಜ್ ತಯಾರಿಸುವ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರಿನಿಂದ, ಅದು ನಿಂತರೆ ಚೆನ್ನಾಗಿರುವ ಟ್ಯೂಬೂ ಕತ್ತಲಾಗಿಯೇ ಇರುತ್ತದೆ. ಕುತ್ತಿಗೆಯ ಒಳಬದಿಗೆ ಅಂಟಿದ ಬೆಳ್ಳಿಯಂಥ ಹೊಳಪು ಹಾಲಿನಂತೆ ಬಿಳುಚಿದ್ದರೆ ಮಾತ್ರ ಗಾಳಿ ಹೊಕ್ಕಿದೆಯೆಂದು ಅರ್ಥ, ಆಗ ಟ್ಯೂಬಿನ ಆಸೆ ಬಿಡಬೇಕು. ನನ್ನ ಮೊದಲ ಯಂತ್ರದ ಟ್ಯೂಬನ್ನು ರಿಪೇರಿಯವರೊಬ್ಬರ ಮಾತು ಕೇಳಿ ಗುಜರಿಗೆ ಹಾಕಿದೆ. ಬೋರ್ಡಿನಲ್ಲಿ ತಲೆಯುಬ್ಬಿ ನಿಂತಿದ್ದ ಕೆಪ್ಯಾಸಿಟರ್ ಕಣ್ಣಿಗೆ ಬಿದ್ದದ್ದು ಮರುದಿನ. ಆ ಅಳತೆಯ ಟ್ಯೂಬ್ ನನಗೆ ಇಂದಿಗೂ ಸಿಕ್ಕಿಲ್ಲ.

ಕೆಪ್ಯಾಸಿಟರುಗಳು ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಬಿಡಿಯಾಗಿ ಸಿಗುತ್ತವೆ. ಮೈಕ್ರೋಫ್ಯಾರಡ್ ಮೊದಲಿನಷ್ಟೇ ಇರಲಿ, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚಿರಲಿ, 105 ಡಿಗ್ರಿ ಶಾಖ ತಡೆಯುವವನ್ನೇ ಕೇಳಿ, ಪ್ಲಸ್ ಮೈನಸ್ ಅದಲುಬದಲು ಮಾಡಬೇಡಿ. ಆದರೆ ಬಣ್ಣದ ಟ್ಯೂಬಿನ ಆನೋಡಿನಲ್ಲಿ (ಹೈವೋಲ್ಟೇಜ್ ತಂತಿ ಸೇರುವ ತುದಿಯಲ್ಲಿ) 20,000 ವೋಲ್ಟಿನ ಆಸುಪಾಸು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಆ ಚಾರ್ಜ್ ಉಳಿದಿರಬಹುದು. ಅದನ್ನು ಇಳಿಸುವ ಕೆಲಸವನ್ನು ಹಳೆಯ ಟಿವಿ ರಿಪೇರಿ ಬಲ್ಲವರಿಂದಲೇ ಮಾಡಿಸಿ. ಅಮೆರಿಕದಿಂದ ಬಂದ ಯಂತ್ರವಾದರೆ ಎಷ್ಟು ವೋಲ್ಟಿನದೆಂದು ಹಿಂಬದಿಯ ಚೀಟಿ ಓದದೆ ನಮ್ಮ 230 ವೋಲ್ಟಿಗೆ ಚುಚ್ಚಬೇಡಿ.

ಚಿತ್ರ ಬಂದ ಮೇಲೆ ಪರದೆಯಲ್ಲೊಂದು ಮಸುಕು ನೆರಳು ಕಾಣಬಹುದು, ಅದನ್ನೂ ಈಗಲೇ ಹೇಳಿಬಿಡುತ್ತೇನೆ. 1980ರ ಪ್ಯಾಕ್‌ಮ್ಯಾನ್‌ನಂಥ ಆಟಗಳಲ್ಲಿ ಚಕ್ರವ್ಯೂಹದ ಗೋಡೆಗಳು ಕದಲುವುದಿಲ್ಲ. ವರ್ಷಗಟ್ಟಲೆ ಅದೇ ಜಾಗದಲ್ಲಿ ಬೆಳಗಿದ ಫಾಸ್ಫರ್ ಲೇಪ, ಅಂದರೆ ಪರದೆಗೆ ಬೆಳಕು ಕೊಡುವ ಲೇಪ, ಅಲ್ಲಷ್ಟೇ ಸವೆಯುತ್ತದೆ. ಅದು ಗಾಜಿನ ಒಳಮೈಯಲ್ಲಿರುವುದರಿಂದ ಎಷ್ಟು ಒರೆಸಿದರೂ ಹೋಗುವುದಿಲ್ಲ. ಅದೇ ಆಟವನ್ನು ಹಾಕಿದರೆ ಹೊಸ ಗೆರೆಗಳು ಆ ನೆರಳಿನ ಮೇಲೆಯೇ ಬಂದು ಕೂರುತ್ತವೆ, ನೆರಳು ಕಾಣುವುದಿಲ್ಲ.