ಎಡಿಎಂ ಜಬಲ್ಪುರ್ ಕೇಸು: ಖನ್ನಾ ಒಬ್ಬರೇ ಯಾಕೆ ಬೇರೆ ನಿಂತ್ರು?

ಎಮರ್ಜೆನ್ಸಿಯಲ್ಲಿ ಜೈಲಿಗೆ ಹಾಕಿಸ್ಕೊಂಡವರು ಕೋರ್ಟಿಗೆ ಹೋಗ್ಬಹುದಾ ಅನ್ನೋ ಸುಪ್ರೀಂ ಕೋರ್ಟಿನ ಈ ಕೇಸನ್ನ "1976, 4-1" (ನಾಲ್ವರು ಜಡ್ಜ್‌ಗಳು ಒಂದು ಕಡೆ, ಖನ್ನಾ ಒಬ್ಬರೇ ಇನ್ನೊಂದು ಕಡೆ) ಅಂತ ಬಾಯಿಪಾಠ ಮಾಡ್ಕೊಂಡು ಮುಂದೆ ಹೋಗ್ಬೇಡಿ, ಜಡ್ಜ್‌ಗಳು ಹೇಗೆ ಯೋಚ್ನೆ ಮಾಡ್ತಾರೆ ಅಂತ ಕಲಿಯೋಕೆ ನಂಗೆ ತುಂಬಾ ಸಹಾಯ ಆಗಿದ್ದೇ ಇದು.

1975 ಜೂನ್ 25ಕ್ಕೆ ಎಮರ್ಜೆನ್ಸಿ ಬಂತು. ಎರಡೇ ದಿನಕ್ಕೆ ಸಂವಿಧಾನದ 359ನೇ ವಿಧಿ ಕೆಳಗೆ ರಾಷ್ಟ್ರಪತಿ ಆದೇಶ ಹೊರಡ್ತು, 14 (ಸಮಾನತೆ), 21 (ಜೀವ, ಸ್ವಾತಂತ್ರ್ಯ), 22ನೇ (ಬಂಧನದ ವಿರುದ್ಧ ರಕ್ಷಣೆ) ವಿಧಿಗಳ ಹಕ್ಕು ಕೇಳ್ಕೊಂಡು ಯಾರೂ ಕೋರ್ಟಿಗೆ ಹೋಗೋ ಹಾಗಿಲ್ಲ ಅಂತ. ಮೀಸಾದಲ್ಲಿ (ವಿಚಾರಣೆ ಇಲ್ದೆ ಕೂಡಿಹಾಕೋ ಕಾನೂನು) ಜೈಲಿಗೆ ಹಾಕಿಸ್ಕೊಂಡವರು ಹೇಬಿಯಸ್ ಕಾರ್ಪಸ್ (ಬಂಧನ ಕಾನೂನುಬದ್ಧವಾ ಅಂತ ಕೋರ್ಟ್ ನೋಡ್ಬೇಕು ಅನ್ನೋ ಅರ್ಜಿ) ಹಾಕಿದ್ರು, ವಾಜಪೇಯಿ, ಅಡ್ವಾಣಿ ಬೆಂಗಳೂರಲ್ಲೇ ಅರೆಸ್ಟ್ ಆಗಿದ್ರಿಂದ ಅವರ ಅರ್ಜಿ ಬಂದಿದ್ದು ನಮ್ಮ ಹೈಕೋರ್ಟಿಗೆ. ಒಂಬತ್ತು ಹೈಕೋರ್ಟುಗಳು ಇಂಥ ಅರ್ಜಿ ಕೇಳ್ಬಹುದು ಅಂದ್ವು, ಸುಪ್ರೀಂ ಕೋರ್ಟ್ 1976 ಏಪ್ರಿಲ್ 28ಕ್ಕೆ ಆಗಲ್ಲ ಅಂತು.

ಇಲ್ಲಿ ಸ್ವಲ್ಪ ನಿಂತು ಓದಿ. ವಾದ ನಡೀವಾಗ ಖನ್ನಾ ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನ ಕೇಳ್ತಾರೆ, 21ನೇ ವಿಧಿಯಲ್ಲಿ ಜೀವದ ಹಕ್ಕೂ ಇದೆಯಲ್ಲ, ಒಬ್ಬ ಪೊಲೀಸ್ ತನ್ನ ಸ್ವಂತ ದ್ವೇಷಕ್ಕೆ ಯಾರನ್ನೋ ಕೊಂದ್ರೆ ಆಗ್ಲೂ ಕೋರ್ಟಲ್ಲಿ ಏನೂ ಮಾಡೋಕಾಗಲ್ವಾ? ನನ್ನ ವಾದದ ಪ್ರಕಾರ, ಎಮರ್ಜೆನ್ಸಿ ಇರೋವರೆಗೂ ಇಲ್ಲ ಅಂತಾರೆ ಡೇ. ಈ ಉತ್ತರ ಐದೂ ಜಡ್ಜ್‌ಗಳ ಕಿವಿಗೆ ಬಿದ್ದಿದೆ, ಅವರ ಮುಂದಿದ್ದ ಸಂವಿಧಾನವೂ ಒಂದೇ. ರೇ, ಬೇಗ್, ಚಂದ್ರಚೂಡ್, ಭಗವತಿ ಆದೇಶದಲ್ಲಿ ಬರೆದಿದ್ದಷ್ಟನ್ನೇ ಹಿಡ್ಕೊಂಡ್ರು. ಖನ್ನಾ ಮಾತ್ರ, ಜೀವದ ಹಕ್ಕು 21ನೇ ವಿಧಿ ಬರೆದ ಮೇಲೆ ಹುಟ್ಟಿದ್ದಲ್ಲ, ಕಾನೂನಿನ ಆಧಾರ ಇಲ್ದೆ ಯಾರನ್ನೂ ಕೂಡಿಹಾಕೋ ಅಧಿಕಾರ ಸರ್ಕಾರಕ್ಕೆ ಯಾವತ್ತೂ ಇರ್ಲಿಲ್ಲ ಅಂದ್ರು.

ಇದರ ಜೊತೆ 1973ನ್ನೂ ಇಟ್ಕೊಂಡು ನೋಡಿ. ಸಂವಿಧಾನದ ಮೂಲ ರಚನೆ ಬದಲಿಸೋ ಅಧಿಕಾರ ಸಂಸತ್ತಿಗಿಲ್ಲ ಅಂದ ಕೇಶವಾನಂದ ಭಾರತಿ ತೀರ್ಪು ಬಂದ ಬೆನ್ನಲ್ಲೇ, ಅದರಲ್ಲಿ ಸರ್ಕಾರದ ವಿರುದ್ಧ ಬರೆದಿದ್ದ, ರೇಗಿಂತ ಸೀನಿಯರ್ ಆಗಿದ್ದ ಶೆಲತ್, ನಮ್ಮ ಕರಾವಳಿಯ ಕೆ.ಎಸ್. ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ರೇ ಅವರನ್ನ ಸಿಜೆಐ (ದೇಶದ ಮುಖ್ಯ ನ್ಯಾಯಮೂರ್ತಿ) ಮಾಡಿದ್ರು. ಭಯದಿಂದಾನೇ ನಾಲ್ವರು ಹಂಗೆ ಬರೆದ್ರು ಅಂತ ಎಕ್ಸಾಮಲ್ಲಿ ಬರೀಬೇಡಿ, ಅದನ್ನ ಸಾಬೀತು ಮಾಡೋಕಾಗಲ್ಲ, ಆದ್ರೆ ಸರ್ಕಾರಕ್ಕೆ ಇಷ್ಟ ಆಗದ ತೀರ್ಪು ಬರೆದ್ರೆ ಏನು ಕಳ್ಕೋಬೇಕಾಗತ್ತೆ ಅನ್ನೋದು ಪೀಠದಲ್ಲಿ ಕೂತಿದ್ದ ಎಲ್ರಿಗೂ ಗೊತ್ತಿತ್ತು. ಖನ್ನಾಗೂ ಗೊತ್ತಿತ್ತು. 1977 ಜನವರಿಯಲ್ಲಿ ಅವರನ್ನ ಬಿಟ್ಟು ಬೇಗ್ ಅವರನ್ನ ಸಿಜೆಐ ಮಾಡಿದಾಗ ರಾಜೀನಾಮೆ ಕೊಟ್ರು.

ಮುಂದೆ 44ನೇ ತಿದ್ದುಪಡಿ ಬಂದು, ಎಮರ್ಜೆನ್ಸಿಯಲ್ಲೂ 20, 21ನೇ ವಿಧಿ ಮುಟ್ಟೋ ಹಾಗಿಲ್ಲ ಅಂತಾಯ್ತು. ತಾವು ಬರೆದಿದ್ದು ತಪ್ಪು ಅಂತ ಭಗವತಿ 2011ರಲ್ಲಿ ಒಪ್ಕೊಂಡ್ರು. 2017ರ ಪ್ರೈವೆಸಿ ಕೇಸಲ್ಲಿ ಈ ತೀರ್ಪನ್ನ ಪೂರ್ತಿ ತಳ್ಳಿಹಾಕಿದ್ರು, ತಂದೆ ಬರೆದಿದ್ದು ತಪ್ಪು ಅಂತ ಮಗ ಡಿ.ವೈ. ಚಂದ್ರಚೂಡ್ ಅವರೇ ಬರೆದ್ರು. ಆ ಕೇಸಿನ ಅರ್ಜಿದಾರರು ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಲ್ಲಿ ಜಡ್ಜ್ ಆಗಿ ರಿಟೈರ್ ಆದೋರು.