ಮುಚ್ಚಿದ ಮೇಲೂ ಬಿಟ್ಟುಕೊಡದ ಫೈಲು

ಬ್ಯಾಕಪ್ ಗುಂಡಿ ಒತ್ತಿದರೆ ಒಮ್ಮೊಮ್ಮೆ ಕೆಲಸ ಆಗುತ್ತದೆ, ಒಮ್ಮೊಮ್ಮೆ ಈ ಫೈಲನ್ನು ಬೇರೊಂದು ಪ್ರೋಗ್ರಾಂ ಬಳಸುತ್ತಿದೆ ಎಂದು ವಿಂಡೋಸ್ ತಡೆಯುತ್ತದೆ ಎಂಬ ದೂರು, ನಾನು ನೋಡಿಕೊಳ್ಳುವ ಒಂದು ಲೆಕ್ಕಪತ್ರ ತಂತ್ರಾಂಶದ ಬಳಕೆದಾರರಿಂದ ಬಂದಿತ್ತು. ಬೇರೆ ಯಾವ ಪ್ರೋಗ್ರಾಮೂ ಆ ಫೈಲನ್ನು ಮುಟ್ಟಿರಲಿಲ್ಲ. ಹಿಡಿದುಕೊಂಡಿದ್ದದ್ದು ನಮ್ಮದೇ ತಂತ್ರಾಂಶ, ಅದೂ ಡೇಟಾಬೇಸನ್ನು ಮುಚ್ಚಿದ್ದೇನೆಂದು ತನ್ನ ಲಾಗ್‌ನಲ್ಲಿ ಬರೆದುಕೊಂಡ ಮೇಲೆ. ಪರದೆಗಳೆಲ್ಲ ಸಿ ಶಾರ್ಪ್‌ನಲ್ಲಿ, ಲೆಕ್ಕ ಹಾಕುವ ಹಳೆಯ ಭಾಗ ಸಿ ಪ್ಲಸ್ ಪ್ಲಸ್‌ನಲ್ಲಿ, ಎರಡಕ್ಕೂ ಕೆಳಗೆ ಸಿ ಭಾಷೆಯಲ್ಲಿ ಬರೆದ ಡೇಟಾಬೇಸ್ ಲೈಬ್ರರಿ ಎಸ್‌ಕ್ಯೂಲೈಟ್. ಇಂಥ ಮಿಶ್ರ ಕಟ್ಟಡಗಳಲ್ಲಿ ನಾನು ಕಂಡ ದೋಷಗಳಲ್ಲಿ ಹೆಚ್ಚಿನವು ಮೆಮೊರಿಯ ಯಜಮಾನ ಯಾರು, ಅಂದರೆ ಅದನ್ನು ಬಿಡುಗಡೆ ಮಾಡುವ ಹೊಣೆ ಯಾರದ್ದು, ಎಂಬ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ.

ಎಸ್‌ಕ್ಯೂಲೈಟ್‌ನಲ್ಲಿ ಕನೆಕ್ಷನ್ (ತೆರೆದ ಡೇಟಾಬೇಸಿನ ಕೊಂಡಿ) ಒಂದು ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ; ಪ್ರತಿಯೊಂದು ಸ್ಟೇಟ್‌ಮೆಂಟ್ (ಓಡಿಸಲು ಸಿದ್ಧಪಡಿಸಿದ ಕ್ವೆರಿ) ಇನ್ನೊಂದು ಪಾಯಿಂಟರ್. ಪ್ರಿಪೇರ್ ಮಾಡಿದ ಸ್ಟೇಟ್‌ಮೆಂಟನ್ನು ಫೈನಲೈಸ್ ಮಾಡುವ, ಅಂದರೆ ಕಳಚಿ ಬಿಡುಗಡೆ ಮಾಡುವ, ಹೊಣೆ ಕರೆದವರದ್ದು. ಇದನ್ನು ಮರೆತು ಮೂಲ ಕ್ಲೋಸ್ ಫಂಕ್ಷನ್ ಕರೆದರೆ ಅದು 5 ಎಂಬ ಬ್ಯುಸಿ (ಇನ್ನೂ ಬಳಕೆಯಲ್ಲಿದೆ) ಸಂಕೇತ ಕೊಟ್ಟು, ಮುಚ್ಚಲು ಒಪ್ಪುವುದಿಲ್ಲ. 2012ರಲ್ಲಿ ಬಂದ 3.7.14 ಆವೃತ್ತಿ ಇದಕ್ಕೊಂದು ತಮ್ಮನನ್ನು ತಂದಿತು, ಕ್ಲೋಸ್ ವಿ2. ಬೇಡವಾದ ಮೆಮೊರಿಯನ್ನು ತಾನಾಗಿ ಗುಡಿಸುವ ಗಾರ್ಬೇಜ್ ಕಲೆಕ್ಟರ್ ಇರುವ ಸಿ ಶಾರ್ಪ್‌ನಂಥ ಭಾಷೆಗಳಲ್ಲಿ ಯಾವ ವಸ್ತು ಮೊದಲು ನಾಶವಾಗುತ್ತದೆ ಎಂಬುದಕ್ಕೆ ಕ್ರಮವಿಲ್ಲದ ಕಾರಣ, ಅಂಥವರಿಗೆಂದೇ ಮಾಡಿದ್ದು ಇದು. ಸ್ಟೇಟ್‌ಮೆಂಟ್ ಉಳಿದಿದ್ದರೂ ಇದು ಎಲ್ಲ ಸರಿಯಿದೆ ಎಂದೇ ಉತ್ತರಿಸುತ್ತದೆ, ಕನೆಕ್ಷನ್ ಮಾತ್ರ ಕೊನೆಯ ಸ್ಟೇಟ್‌ಮೆಂಟ್ ಫೈನಲೈಸ್ ಆಗುವವರೆಗೆ ಅರೆಜೀವದಲ್ಲಿ ಉಳಿಯುತ್ತದೆ, ಅದರ ಜೊತೆಗೆ ಫೈಲಿನ ಹ್ಯಾಂಡಲ್ಲೂ (ಫೈಲಿನ ಮೇಲಿನ ಹಿಡಿತ) ತೆರೆದೇ ಇರುತ್ತದೆ.

ನಮ್ಮಲ್ಲಿ ಆಗಿದ್ದು ಅದೇ. ಸ್ಟೇಟ್‌ಮೆಂಟನ್ನು ಸುತ್ತಿದ್ದ ಸಿ ಶಾರ್ಪ್ ವಸ್ತುವಿನ ಫೈನಲೈಸರ್ (ಕಲೆಕ್ಟರ್ ಗುಡಿಸುವ ಮುನ್ನ ಓಡುವ ಕೋಡ್) ಯಾವಾಗಲಾದರೂ ಓಡಿದಾಗ ಫೈಲು ಬಿಡುಗಡೆಯಾಗುತ್ತಿತ್ತು, ಅಲ್ಲಿಯವರೆಗೆ ಇಲ್ಲ. ಕಲೆಕ್ಟರ್ ಅವಸರಪಡಲು ಕಾರಣವೂ ಇರಲಿಲ್ಲ, ಏಕೆಂದರೆ ಅದರ ಕಣ್ಣಿಗೆ ಬೀಳುವುದು ಒಂದು ಪಾಯಿಂಟರ್ ಹೊತ್ತ ಕೆಲವೇ ಬೈಟುಗಳ ವಸ್ತು. ಆ ಪಾಯಿಂಟರಿನ ಹಿಂದೆ ತೆರೆದ ಫೈಲು ಮತ್ತು ಸುಮಾರು 20 ಲಕ್ಷ ಬೈಟುಗಳವರೆಗೆ ಬೆಳೆಯಬಲ್ಲ ಪೇಜ್ ಕ್ಯಾಶ್ (ಫೈಲಿನಿಂದ ಓದಿದ್ದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಇರುವುದು ಅದಕ್ಕೆ ಗೊತ್ತೇ ಇಲ್ಲ. ಬ್ಯಾಕಪ್‌ಗೆ ಮೊದಲು ಕಲೆಕ್ಟರನ್ನು ಬಲವಂತವಾಗಿ ಓಡಿಸುವ ಒಂದು ಸಾಲನ್ನು ಯಾರೋ ಹಿಂದೆಯೇ ಸೇರಿಸಿದ್ದರು. ರೋಗವನ್ನು ಮುಚ್ಚಿಡುವ ಇಂಥ ಸಾಲುಗಳನ್ನು ಕಂಡರೆ ನನಗೆ ಆಗುವುದಿಲ್ಲ.

ತಪ್ಪಿತಸ್ಥನನ್ನು ಹಿಡಿಯಲು ಎಸ್‌ಕ್ಯೂಲೈಟೇ ದಾರಿ ಕೊಡುತ್ತದೆ. ಮುಚ್ಚುವ ಮುನ್ನ ನೆಕ್ಸ್ಟ್ ಎಸ್‌ಟಿಎಂಟಿ ಎಂಬ ಫಂಕ್ಷನ್‌ನಿಂದ ಉಳಿದ ಸ್ಟೇಟ್‌ಮೆಂಟುಗಳನ್ನು ಒಂದೊಂದಾಗಿ ಕೇಳಬಹುದು, ಪ್ರತಿಯೊಂದರ ಮೂಲ ಕ್ವೆರಿಯನ್ನು ಪಠ್ಯವಾಗಿ ಪಡೆಯಬಹುದು. ಅದನ್ನು ಲಾಗ್‌ಗೆ ಬರೆಸಿದ ಮೊದಲ ದಿನವೇ ಗ್ರಾಹಕರ ಹೆಸರು ಹುಡುಕುವ ಒಂದೇ ಒಂದು ಸೆಲೆಕ್ಟ್ ಸಿಕ್ಕಿತು: ಹೆಸರು ಸಿಕ್ಕಿದೊಡನೆ ಲೂಪ್‌ನ ಮಧ್ಯದಿಂದಲೇ ಹಿಂದಿರುಗುತ್ತಿದ್ದ ಕೋಡ್, ಫೈನಲೈಸ್ ಇದ್ದ ಸಾಲಿಗೆ ತಲುಪುತ್ತಲೇ ಇರಲಿಲ್ಲ. ಹೆಸರು ಸಿಗದಿದ್ದಾಗ ಮಾತ್ರ ಬ್ಯಾಕಪ್ ತೊಂದರೆಯಿಲ್ಲದೆ ನಡೆಯುತ್ತಿತ್ತು. ಅಂದಿನಿಂದ ಅಭಿವೃದ್ಧಿಯ ಬಿಲ್ಡ್‌ಗಳಲ್ಲಿ ನಾನು ಹಳೆಯ ಕ್ಲೋಸನ್ನೇ ಕರೆದು, 5 ಬಂದರೆ ಪ್ರೋಗ್ರಾಂ ಅಲ್ಲೇ ನಿಲ್ಲುವಂತೆ ಮಾಡಿದ್ದೇನೆ.

ಪಾಯಿಂಟರನ್ನು ವಿಳಾಸವನ್ನಷ್ಟೇ ಹೊರುವ ಬರಿಯ ಇಂಟ್‌ಪಿಟಿಆರ್‌ನಲ್ಲಿ ಇಟ್ಟುಕೊಳ್ಳದೆ, ಬಿಡುಗಡೆಯ ಹೊಣೆಯನ್ನೂ ಹೊರುವ ಸೇಫ್‌ಹ್ಯಾಂಡಲ್‌ನಿಂದ ಹುಟ್ಟಿದ ಕ್ಲಾಸಿನಲ್ಲಿ ಇಡುವುದು, ಸ್ಟೇಟ್‌ಮೆಂಟಿನ ಹ್ಯಾಂಡಲ್ ಬದುಕಿರುವವರೆಗೆ ಕನೆಕ್ಷನ್ ಹ್ಯಾಂಡಲಿನ ಬಳಕೆಯ ಎಣಿಕೆಯನ್ನು ಹೆಚ್ಚಿಸಿಟ್ಟಿರುವುದು, ಬಳಸುವ ಕಡೆ, ಕೆಲಸ ಮುಗಿದೊಡನೆ ವಸ್ತುವನ್ನು ಬಿಡುಗಡೆ ಮಾಡುವ ಯೂಸಿಂಗ್ ಬ್ಲಾಕ್ ತಪ್ಪಿಸದಿರುವುದು, ಇಷ್ಟು ಮಾಡಿದರೆ ಕ್ರಮದ ಸಮಸ್ಯೆ ಬಹುಪಾಲು ತೀರುತ್ತದೆ. ಫೈನಲೈಸರ್ ಓಡುವುದು ಬೇರೊಂದು ಥ್ರೆಡ್‌ನಲ್ಲಿ (ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಎಳೆ) ಎಂಬುದು ಮಾತ್ರ ನೆನಪಿರಬೇಕು. ಲೈಬ್ರರಿಯನ್ನು, ಥ್ರೆಡ್‌ಗಳ ಕರೆಗಳನ್ನು ಸರತಿಯಲ್ಲಿ ನಿಲ್ಲಿಸುವ ಸೀರಿಯಲೈಸ್ಡ್ ಮೋಡ್ ಬಿಟ್ಟು ಹಗುರವಾದ ಮಲ್ಟಿಥ್ರೆಡ್ ಮೋಡ್‌ನಲ್ಲಿ ಕಂಪೈಲ್ ಮಾಡಿದ್ದರೆ, ಮುಖ್ಯ ಥ್ರೆಡ್ ಕ್ವೆರಿ ನಡೆಸುತ್ತಿರುವ ಹೊತ್ತಿನಲ್ಲೇ ಅದೇ ಕನೆಕ್ಷನ್ನಿನ ಸ್ಟೇಟ್‌ಮೆಂಟನ್ನು ಇನ್ನೊಂದು ಥ್ರೆಡ್ ಕಳಚಲು ಹೊರಟಂತಾಗುತ್ತದೆ.

ಪಠ್ಯದ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ, ನಮ್ಮ ಲಿಪಿ ತಪ್ಪುಗಳನ್ನು ಬೇಗ ಹೊರಹಾಕುತ್ತದೆ. ಸಿ ಶಾರ್ಪ್ ಓಡುವ ವೇದಿಕೆಯಾದ ಡಾಟ್‌ನೆಟ್‌ನ ಸ್ಟ್ರಿಂಗ್ (ಪಠ್ಯ) ಯುಟಿಎಫ್-16, ಎಸ್‌ಕ್ಯೂಲೈಟ್‌ನ ಸಾಮಾನ್ಯ ಫಂಕ್ಷನ್‌ಗಳು ಬೇಡುವುದು ಯುಟಿಎಫ್-8; ಎರಡೂ ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಬೇರೆ ಬೇರೆ ಬಗೆಗಳು. ಸಿ ಲೈಬ್ರರಿಯ ಫಂಕ್ಷನ್ನನ್ನು ಸಿ ಶಾರ್ಪ್‌ಗೆ ಪರಿಚಯಿಸುವ ಡಿಎಲ್‌ಎಲ್‌ಇಂಪೋರ್ಟ್‌ನಲ್ಲಿ ಏನೂ ಹೇಳದಿದ್ದರೆ, ಎರಡರ ನಡುವೆ ಡೇಟಾ ಪರಿವರ್ತಿಸುವ ಮಾರ್ಷಲರ್ ವಿಂಡೋಸ್‌ನಲ್ಲಿ ಪಠ್ಯವನ್ನು ಹಳೆಯ ಆನ್ಸಿ ಸಂಕೇತಗಳಿಗೆ ಇಳಿಸುತ್ತದೆ, ಕನ್ನಡಕ್ಕೋ ಆನ್ಸಿ ಕೋಡ್‌ಪೇಜೇ ಇಲ್ಲ. ಹಾಗಾಗಿ ಬೆಂಗಳೂರು ಎಂಬ ಹೆಸರಿನ ಫೋಲ್ಡರ್ ಎಂಟು ಪ್ರಶ್ನಾರ್ಥಕ ಚಿಹ್ನೆಗಳಾಗಿ ಲೈಬ್ರರಿಯನ್ನು ತಲುಪಿ, ಫೈಲು ತೆರೆಯಲಾಗದು ಎಂಬ 14ನೇ ಸಂಕೇತ ಬರುತ್ತದೆ. ಇದೇ ಕೋಡ್ ಲಿನಕ್ಸ್‌ನಲ್ಲಿ ಸುಮ್ಮನೆ ಓಡುತ್ತದೆ, ಏಕೆಂದರೆ ಅಲ್ಲಿ ಅದೇ ಪೂರ್ವನಿಯೋಜಿತ ನಡವಳಿಕೆಯ ಅರ್ಥ ಯುಟಿಎಫ್-8.

ಕ್ವೆರಿಗೆ ಪಠ್ಯವನ್ನು ಕೊಡುವ ಬೈಂಡ್ ಟೆಕ್ಸ್ಟ್ ಫಂಕ್ಷನ್ ಇನ್ನೂ ಸೂಕ್ಷ್ಮ. ಅದರ ನಾಲ್ಕನೆಯ ಆರ್ಗ್ಯುಮೆಂಟ್ ಉದ್ದ, ಅದೂ ಬೈಟುಗಳಲ್ಲಿ. ಬೆಂಗಳೂರು ಪದದ ಲೆಂಗ್ತ್ ಕೇಳಿದರೆ ಡಾಟ್‌ನೆಟ್ 8 ಎನ್ನುತ್ತದೆ, ಯುಟಿಎಫ್-8ರಲ್ಲಿ ಅದು 24 ಬೈಟು. ಎಂಟನ್ನೇ ಕಳಿಸಿದರೆ ಡೇಟಾಬೇಸಿಗೆ ಸೇರುವುದು ಬೆ ಎಂಬ ಅಕ್ಷರ ಮತ್ತು ಅನುಸ್ವಾರದ ಮೂರು ಬೈಟುಗಳಲ್ಲಿ ಎರಡು. ಇಂಗ್ಲಿಷ್ ಅಕ್ಷರಗಳಲ್ಲಿ ಪರೀಕ್ಷಿಸಿದವರಿಗೆ ಈ ದೋಷ ಎಂದೂ ಕಾಣುವುದಿಲ್ಲ. ಐದನೆಯ ಆರ್ಗ್ಯುಮೆಂಟ್ ಮತ್ತೆ ಯಜಮಾನಿಕೆಯದ್ದು: ಸೊನ್ನೆ ಕೊಟ್ಟರೆ ಈ ಮೆಮೊರಿ ಕದಲುವುದಿಲ್ಲ ಎಂದು ನೀವು ಮಾತು ಕೊಟ್ಟಂತೆ, ಮೈನಸ್ 1 ಕೊಟ್ಟರೆ ಲೈಬ್ರರಿ ಕರೆ ಮುಗಿಯುವುದರೊಳಗೆ ತನ್ನದೇ ನಕಲು ಮಾಡಿಕೊಳ್ಳುತ್ತದೆ. ಮಾರ್ಷಲರ್ ಮಾಡಿದ ತಾತ್ಕಾಲಿಕ ಬಫರ್ ಕರೆ ಮುಗಿದೊಡನೆ ಹೋಗುವುದರಿಂದ ಆ ಮಾತನ್ನು ನಾವು ಉಳಿಸಿಕೊಳ್ಳಲಾರೆವು. ಸಿ ಶಾರ್ಪ್‌ನಿಂದ ಹೀಗೆ ಕರೆಯುವಾಗ ಮೈನಸ್ 1 ಒಂದೇ ಸರಿ. ಕ್ವೆರಿಯಿಂದ ತಿರುಗಿ ಬರುವ ಪಠ್ಯ ಲೈಬ್ರರಿಯದ್ದು, ಮುಂದಿನ ಸ್ಟೆಪ್‌ವರೆಗೆ (ಮುಂದಿನ ಸಾಲು ಕೇಳುವವರೆಗೆ) ಮಾತ್ರ ಅದಕ್ಕೆ ಆಯುಸ್ಸು. ಅದನ್ನು ನೇರವಾಗಿ ಸ್ಟ್ರಿಂಗ್ ಎಂದು ಘೋಷಿಸಿದರೆ ತನ್ನದಲ್ಲದ ಮೆಮೊರಿಯನ್ನು ಮಾರ್ಷಲರ್ ಬಿಡುಗಡೆ ಮಾಡಹೋಗುತ್ತದೆ. ಪಾಯಿಂಟರಾಗಿ ಪಡೆದು, ಕೂಡಲೇ ನಕಲು ಮಾಡಿಕೊಳ್ಳಬೇಕು.

ಹೆಸರುಗಳ ಅಕಾರಾದಿ ಪಟ್ಟಿಯಲ್ಲಿ ನಮಗೆ ಇನ್ನೊಂದು ಪೆಟ್ಟು ಬಿತ್ತು. ಯೂನಿಕೋಡ್‌ನಲ್ಲಿ ಳ ಅಕ್ಷರದ ಸ್ಥಾನ ಲ ಆದ ಕೂಡಲೇ, ವರ್ಣಮಾಲೆಯಲ್ಲಿ ಹ ಆದ ಮೇಲೆ. ಎಸ್‌ಕ್ಯೂಲೈಟ್ ತಾನಾಗಿ ಬೈಟುಗಳನ್ನಷ್ಟೇ ಹೋಲಿಸುವುದರಿಂದ, ನಮ್ಮ ಕ್ರಮ ತಿಳಿದ ಹೋಲಿಕೆಯ ಫಂಕ್ಷನ್ನೊಂದನ್ನು ಸಿ ಶಾರ್ಪ್‌ನಲ್ಲಿ ಬರೆದು ಕೊಲೇಷನ್ (ವಿಂಗಡಣೆಯ ಕ್ರಮ) ಆಗಿ ನೋಂದಾಯಿಸಿದೆವು. ಕೆಲ ನಿಮಿಷ ಸರಿಯಾಗಿ ಓಡಿದ ಪ್ರೋಗ್ರಾಂ ಪಟ್ಟಿ ತೆರೆದಾಗ ಸತ್ತುಬಿದ್ದಿತು. ಲೈಬ್ರರಿಯ ಕೈಯಲ್ಲಿದ್ದ ಫಂಕ್ಷನ್ ಪಾಯಿಂಟರ್ ಕಲೆಕ್ಟರ್‌ಗೆ ಕಾಣದ ಕಾರಣ, ಯಾರಿಗೂ ಬೇಡದ್ದೆಂದು ಅದು ಡೆಲಿಗೇಟನ್ನು (ಆ ಫಂಕ್ಷನ್ನನ್ನು ಸುತ್ತಿದ ಸಿ ಶಾರ್ಪ್ ವಸ್ತುವನ್ನು) ಗುಡಿಸಿಹಾಕಿತ್ತು. ಡೆಲಿಗೇಟನ್ನು ಕಲೆಕ್ಟರ್ ಗುಡಿಸದ ಸ್ಟ್ಯಾಟಿಕ್ ಫೀಲ್ಡ್‌ನಲ್ಲಿ ಇಟ್ಟಮೇಲೆ ಪ್ರೋಗ್ರಾಂ ಸಾಯುವುದು ನಿಂತಿತು. ಇಂಥ ಫಂಕ್ಷನ್ನಿನಿಂದ ಎಕ್ಸೆಪ್ಷನ್ (ನಡುವೆ ಎದ್ದ ದೋಷ) ಹೊರಬೀಳಲು ಬಿಡಬಾರದು, ಅದು ಹಾದುಹೋಗುವ ಸಿ ಕೋಡ್‌ಗೆ ತಾನು ಹಿಡಿದ ಬೀಗಗಳನ್ನು ಬಿಡಲು ಅವಕಾಶವೇ ಸಿಗುವುದಿಲ್ಲ.

ಕೊನೆಗೆ ಉಳಿದದ್ದು ನಾವು ಹುಡುಕದೆಯೇ ಕಂಡ ಸಂಗತಿ. ಹಳೆಯ ಸಿ ಪ್ಲಸ್ ಪ್ಲಸ್ ಭಾಗ ತನ್ನೊಳಗೇ ಒಂದು ಎಸ್‌ಕ್ಯೂಲೈಟನ್ನು ಲಿಂಕ್ ಮಾಡಿಕೊಂಡಿತ್ತು, ಸಿ ಶಾರ್ಪ್ ಕಡೆಯ ಪ್ಯಾಕೇಜ್ ಇನ್ನೊಂದನ್ನು ತಂದಿತ್ತು, ಎರಡೂ ಒಂದೇ ಫೈಲನ್ನು ತೆರೆಯುತ್ತಿದ್ದವು. ವಿಂಡೋಸ್‌ನಲ್ಲಿ ಫೈಲಿನ ಬೀಗ ಹ್ಯಾಂಡಲಿಗೆ ಅಂಟಿರುವುದರಿಂದ ಇಷ್ಟು ವರ್ಷ ಬಚಾವಾಗಿದ್ದೆವು. ಲಿನಕ್ಸ್‌ನಂಥ ವ್ಯವಸ್ಥೆಗಳ ಪೋಸಿಕ್ಸ್ ಬೀಗಗಳ ನಿಯಮ ಬೇರೆ: ಒಂದು ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಫೈಲಿನ ಯಾವ ಒಂದು ಡಿಸ್ಕ್ರಿಪ್ಟರ್ (ಅಲ್ಲಿಯ ಹ್ಯಾಂಡಲ್) ಮುಚ್ಚಿದರೂ ಆ ಫೈಲಿನ ಮೇಲೆ ಅದು ಹಿಡಿದ ಬೀಗಗಳೆಲ್ಲ ಬಿಟ್ಟುಹೋಗುತ್ತವೆ. ಒಂದೇ ಲೈಬ್ರರಿ ಇದ್ದರೆ ತೆರೆದ ಫೈಲುಗಳ ಲೆಕ್ಕವಿಟ್ಟು ಎಸ್‌ಕ್ಯೂಲೈಟ್ ಇದನ್ನು ನಿಭಾಯಿಸುತ್ತದೆ, ಎರಡು ಪ್ರತಿಗಳಿದ್ದರೆ ಒಂದರ ಲೆಕ್ಕ ಇನ್ನೊಂದಕ್ಕೆ ತಿಳಿಯದೆ ಡೇಟಾಬೇಸೇ ಕೆಡಬಹುದು. ಲಿನಕ್ಸ್‌ಗೆ ಸಾಗಿಸುವ ಕೆಲಸ ಶುರುವಾಗುವ ಮುನ್ನವೇ ಎರಡೂ ಕಡೆ ಒಂದೇ ಡಿಎಲ್‌ಎಲ್ ಬಳಸುವಂತೆ ಬಿಲ್ಡ್ ಬದಲಿಸಿದೆವು.